ಕಾಡಂಚಿನ ನೇರಳೆ

ನಾವು ಯಳಂದೂರಿನಿಂದ ಬಂದು, ಕೌದಳ್ಳಿಯಾಚೆ ಕಾಡಂಚಿನ ಜಮೀನನ್ನು ಗುತ್ತಿಗೆಗೆ ಹಿಡಿದು ಎರಡು ತಿಂಗಳಾಗಿತ್ತು. ಅಲ್ಲಿನ ಮರಗಳು ನನಗಿನ್ನೂ ಗುರುತಾಗಿರಲಿಲ್ಲ.

ಒಂದು ಬೆಳಿಗ್ಗೆ ನಾಲ್ಕು ವರ್ಷದ ಮಗಳು ಬೇಲಿ ಕಡೆಯಿಂದ ಬಂದಳು. ತುಟಿ, ನಾಲಿಗೆ ಎಲ್ಲ ನೀಲಿ. ‘ಅಣ್ಣು ತಿಂದೆ ಕಣವ್ವ’ ಅಂದಳು. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು. ಜೊಲ್ಲು ನಿಲ್ಲಲಿಲ್ಲ, ಮೈ ಬೆವರಿ ತಣ್ಣಗಾಯಿತು.

ಗಂಡ ಬೈಕು ತೆಗೆದರು. ಪಕ್ಕದ ಮನೆಯಾಕೆ ಮಗುವನ್ನು ಎತ್ತಿಕೊಂಡು ಹಿಂದೆ ಕೂತಳು. ನಾನೂ ಬರುತ್ತೇನೆಂದರೆ ಗಂಡ ಬಿಡಲಿಲ್ಲ. ‘ಯಾವ ಅಣ್ಣು ಅಂತ ಡಾಕ್ಟ್ರು ಕೇಳೇ ಕೇಳ್ತರೆ. ನೀ ಮರ ಉಡ್ಕಮ್ಮಿ.’

ಬೇಲಿಯುದ್ದಕ್ಕೂ ಓಡಿದೆ. ಒಂದು ಮರದ ಕೆಳಗೆ ನೆಲವೆಲ್ಲ ನೀಲಿಯಾಗಿತ್ತು, ಪುಟ್ಟ ಹೆಜ್ಜೆಗಳಿದ್ದವು. ಅಷ್ಟರಲ್ಲಿ, ಮಗುವನ್ನು ಕರೆದೊಯ್ದಿದ್ದ ಹನೂರಿನ ಆಸ್ಪತ್ರೆಯಿಂದ ಫೋನ್ ಬಂತು. ಡಾಕ್ಟರೇ ಮಾತಾಡಿದರು.

‘ಮುಳ್ಳಿದೆಯೇನಮ್ಮ? ಎಲೆ ಕಿತ್ತರೆ ಹಾಲು ಬರುತ್ತಾ?’

‘ಇಲ್ಲ ಸಾ. ಬುಡದ ತೊಗಟೆ ಒರಟು, ಮೇಲುಕ್ಕೆ ಬೂದಿಬಣ್ಣ. ಎಲೆ ಎದುರುಬದುರು ಜೋಡಿ ಅವೆ, ದಪ್ಪ, ಮಿಂಚ್ತವೆ.’

ಎಲೆಯನ್ನು ಬಿಸಿಲಿಗೆ ಹಿಡಿದೆ. ಅಂಚಿನ ಒಳಗೇ ಸುತ್ತಲೂ ಒಂದು ಸಣ್ಣ ಗೆರೆ ಓಡಿತ್ತು. ಹಣ್ಣು ಹಿಸುಕಿದರೆ ಒಂದೇ ಬೀಜ.

‘ಕಾಡುನೇರಳೆ ಸಾ’ ಅಂದೆ. ಅಷ್ಟೇ ತಾನೆ ಎಂದು ಜೀವ ಬಂದಂತಾಯಿತು.

‘ನೇರಳೆ ತಿಂದರೆ ಹೀಗಾಗಲ್ಲ’ ಅಂದರು ಅವರು. ‘ಎಲೆ ಹೊಸಕಿ ಮೂಸಿ ನೋಡಿ.’

ಹೊಸಕಿದೆ. ಮಾವಿನೆಲೆಯಂಥದೇ ವಾಸನೆ. ಅದರ ಮೇಲೆ ಇನ್ನೊಂದು ಘಾಟು. ನಮ್ಮ ಔಷಧಿ ಪಂಪಿನದು. ಕೆಳಗಿನ ಕೊಂಬೆಯ ಹಣ್ಣುಗಳ ಮೇಲೆ ಬಿಳಿ ಹನಿ ಒಣಗಿದ್ದವು. ಹಿಂದಿನ ಸಂಜೆ ನನ್ನ ಗಂಡ ಮುಸುಕಿನ ಜೋಳದ ಹುಳಕ್ಕೆ ಔಷಧಿ ಹೊಡೆದಿದ್ದರು. ನೀರು ತಂದುಕೊಟ್ಟವಳು ನಾನೇ.

‘ಔಸ್ದಿ ಒಡ್ದಿದ್ವಿ ಸಾ’ ಎಂದು ಅತ್ತುಬಿಟ್ಟೆ.

‘ಅಳಬೇಡಿ. ಡಬ್ಬದ ಮೇಲಿನ ಹೆಸರು ಓದಿ.’

ಶೆಡ್ಡಿಗೆ ಓಡಿ ಅಕ್ಷರ ಅಕ್ಷರ ಕೂಡಿಸಿ ಓದಿದೆ. ಅವರು ಇಂಜೆಕ್ಷನ್ ಕೊಟ್ಟು, ಮಗುವನ್ನು ಆಂಬ್ಯುಲೆನ್ಸಿನಲ್ಲಿ ಕೊಳ್ಳೇಗಾಲಕ್ಕೆ ಕಳಿಸಿದರು.

ನಾನು ಬಸ್ಸು ಹತ್ತಿ ಹೋದೆ. ಮಾದಪ್ಪನ ಬೆಟ್ಟದಿಂದ ಇಳಿದ ಬಸ್ಸು, ಪ್ರಸಾದ ಹಿಡಿದ ಜನ ತುಂಬಿದ್ದರು. ಯಾರೋ ನನ್ನ ಕೈಗೂ ಚೂರು ಹಾಕಿದರು. ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೆ. ಮಗಳು ಇದ್ದಾಳೋ ಇಲ್ಲವೋ ಎಂದು ಕೇಳಲು ಗಂಡನಿಗೆ ಫೋನ್ ಮಾಡುವ ಧೈರ್ಯವೂ ಇರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಗಂಡ ಗೋಡೆಗೆ ಮುಖ ಮಾಡಿ ನಿಂತಿದ್ದರು. ‘ಗಾಳಿ ಯಾವ ಕಡಿಗೆ ಅಂತ ನೋಡ್ನಿಲ್ಲ ಕಣಮ್ಮಿ’ ಅಂದರು. ನಾನು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಮೂರನೆಯ ದಿನ ಮಗಳು ಕಣ್ಣುಬಿಟ್ಟು ನೀರು ಕೇಳಿದಳು. ಅವಳಪ್ಪ ಲೋಟವನ್ನು ತೊಳೆದು, ಮತ್ತೆ ತೊಳೆದು, ಮೂಸಿ ನೋಡುತ್ತಲೇ ಇದ್ದರು; ಕೊನೆಗೆ ನರ್ಸೇ ಇಸಿದುಕೊಂಡು ಕುಡಿಸಿದರು.