ಸಣ್ಣದು ಮುಂದು

ನಿನ್ನೆ ಚಳ್ಳಕೆರೆಯ ಔಷಧಿ ಅಂಗಡಿಯಲ್ಲಿ ನನ್ನ ಪಕ್ಕ ನಿಂತವರು "ನೀರಿನ ಮಾತ್ರೆ ಕೊಡ್ರಿ" ಎಂದರು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗೆ ನಮ್ಮ ಕಡೆಯ ಹೆಸರು ಅದು. ನನಗೆ ನಗು ಬಂತು. ಅಂಗಡಿಯವನು ಹುಬ್ಬು ಏರಿಸಿದ. ಅವನಿಗೆ ಹೇಳದ ಕಾರಣವನ್ನು ನಿಮಗೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಅವ್ವನ ಅಕ್ಕ, ನನ್ನ ದೊಡ್ಡವ್ವ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಳು. ಹೃದಯ ಸೋತು ಕಾಲು ಬಾತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ. ಚಳ್ಳಕೆರೆಯ ಡಾಕ್ಟರು, ಕೊಡುತ್ತಿದ್ದ ದೊಡ್ಡ ನೀರಿನ ಮಾತ್ರೆ ಸಾಲದೆಂದು ಜೊತೆಗೆ ಸಣ್ಣದೊಂದನ್ನು ಬರೆದರು. ಬಾವು ಇದಕ್ಕೂ ಇಳಿಯದಿದ್ದರೆ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿ ಎಂದರು. "ಅಲ್ಲಿಗೆ ಹೋದ್ರೆ ನಾ ವಾಪಸ್ ಬರಲ್ಲ" ಎಂದು ದೊಡ್ಡವ್ವ ತೀರ್ಮಾನಿಸಿಬಿಟ್ಟಳು.

ಅವಳನ್ನು ಚಳ್ಳಕೆರೆಯ ನಮ್ಮ ಮನೆಯಲ್ಲಿ ಬಿಟ್ಟು ಬಸ್ಸಿಗೆ ಓಡುತ್ತಿದ್ದ ದೊಡ್ಡಪ್ಪ ಬಾಗಿಲಲ್ಲೇ ಅವ್ವನಿಗೆ ಕೂಗಿ ಹೇಳಿದ: "ಸಣ್ಣದು ಮುಂದು, ಮರೀಬ್ಯಾಡಮ್ಮಾ!"

ಪತ್ರಿಕೆಯಲ್ಲಿ ವರದಿಗಾರನಾಗಿದ್ದ ನಾನು ಯಾವ ಸುದ್ದಿಯನ್ನೂ ಇಬ್ಬರ ಬಾಯಲ್ಲಿ ಕೇಳದೆ ನಂಬುತ್ತಿರಲಿಲ್ಲ. ಆ ಶಿಸ್ತು ಹೊಸಿಲು ದಾಟಿ ಮನೆಯೊಳಗೆ ಬರುತ್ತಿರಲಿಲ್ಲವೆನ್ನಿ.

ಅವ್ವ ದೊಡ್ಡ ಮಾತ್ರೆಯನ್ನು ತಪ್ಪದೆ ಕೊಟ್ಟಳು. ಬಾವು ಜಗ್ಗಲಿಲ್ಲ. ಕೆಲವು ದಿನ ಬಿಟ್ಟು ಬಂದ ದೊಡ್ಡಪ್ಪ ಹೆಂಡತಿಯ ಕಾಲು ಒತ್ತಿ ನೋಡಿದ. ಬೆರಳಿನ ಗುಳಿ ಹಾಗೇ ಉಳಿಯಿತು.

"ಸಣ್ಣದು ಮುಂದು ಕೊಟ್ಯೇನಮ್ಮಾ?"

"ಮುಂದಕ್ಕೆ ಅಂತ ಎತ್ತಿಟ್ಟೀನಿ ಭಾವ. ದೊಡ್ಡದು ಮುಗೀಲಿ."

"ಅಯ್ಯೋ, ಮುಂದು ಅಂದ್ರೆ ಮೊದ್ಲು!"

"ಮುಂದೆ ಅಂದ್ರೆ ಆಮ್ಯಾಲೆ ಅಲ್ವೇನ್ರಿ?"

ಮನೆಯಲ್ಲಿ ತೆಲುಗು ಆಡುವ ದೊಡ್ಡಪ್ಪನ 'ಮುಂದು' ಮೊದಲಿನದು. ನಮ್ಮ 'ಮುಂದೆ' ಇನ್ನೂ ಬರಬೇಕಾದದ್ದು. ಈ ಎರಡರ ನಡುವೆ ಸಿಕ್ಕಿಕೊಂಡಿದ್ದ ದೊಡ್ಡವ್ವ ಉಸಿರು ಎಳೆಯುತ್ತಲೇ ಅಂದಳು: "ಇಬ್ರೂ ಸೇರಿ ನನ್ನೇ ಮುಂದಕ್ಕೆ ಕಳಿಸ್ತಿದ್ರಲ್ಲೇ!"

ನಾನು ಡಾಕ್ಟರಲ್ಲಿಗೆ ಓಡಿದೆ. ಅವರು ಮೊದಲು ಬೈದರು, ಆಮೇಲೆ ಬಿಡಿಸಿ ಹೇಳಿದರು. "ದೊಡ್ಡ ಮಾತ್ರೆ ಕಿಡ್ನಿಯ ಕಾಲುವೆಗೆ ನೀರು ಬಿಡುತ್ತೆ. ಕೆಳಗಡೆ ಕೂತ ಕಳ್ಳರು ಅದನ್ನ ಮತ್ತೆ ಮೈಯೊಳಕ್ಕೆ ತಿರುಗಿಸ್ಕೊಳ್ತಾರೆ. ಸಣ್ಣದು ಮೊದಲೇ ಹೋಗಿ ಅವರ ಕೈ ಹಿಡ್ಕೊಂಡಿರಬೇಕು. ಅರ್ಧ ಗಂಟೆ ಬಿಟ್ಟು ದೊಡ್ಡದು. ತಲೆ ತಿರುಗಿದ್ರೆ ತಕ್ಷಣ ಕರ್ಕೊಂಡು ಬನ್ನಿ. ರಕ್ತ ಪರೀಕ್ಷೆನೂ ಮಾಡ್ಬೇಕು."

ಮರುದಿನ ಬೆಳಿಗ್ಗೆ ಸಣ್ಣದು ಹೊಟ್ಟೆಗೆ ಹೋಯಿತು. ನಾವು ಮೂವರೂ ಮತ ಎಣಿಕೆಗೆ ಕಾದ ಏಜೆಂಟರಂತೆ ಗಡಿಯಾರದ ಕೆಳಗೆ ಕೂತೆವು. ಆಮೇಲೆ ದೊಡ್ಡದು. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಗೋಡೆ ಹಿಡಿದು ಬಚ್ಚಲಿಗೆ ಹೊರಟಳು. ಅದು ಮೊದಲ ಸುತ್ತು. ಮತ್ತೊಂದು, ಮಗದೊಂದು. ಪ್ರತಿ ಸುತ್ತಿಗೂ ದೊಡ್ಡಪ್ಪ ಎದ್ದು ನಿಲ್ಲುತ್ತಿದ್ದ. "ಲೀಡು ಏರ್ತಾ ಐತೆ ಕಣೋ!"

"ಸುಮ್ನಿರ್ರಿ, ಬೀದಿಗೆಲ್ಲ ಸಾರ್ಬ್ಯಾಡ್ರಿ" ಎಂದು ಒಳಗಿನಿಂದ ದನಿ ಬಂತು. ಬಹಳ ದಿನಗಳ ಮೇಲೆ ಆ ದನಿಯಲ್ಲಿ ಸಿಟ್ಟಿಗೆ ಬೇಕಾದಷ್ಟು ಉಸಿರಿತ್ತು.

ಮುಂದಿನ ದಿನಗಳಲ್ಲಿ ಬಾವು ಇಳಿದು ಕಾಲಿನ ಮೂಳೆ ಮತ್ತೆ ಕಾಣಿಸಿತು. ಒಂದು ಮಧ್ಯಾಹ್ನ ಅವಳು ಚಾಪೆಯ ಮೇಲೆ ಒಂದೇ ದಿಂಬಿಟ್ಟು ನೆಟ್ಟಗೆ ಮಲಗಿದಳು. ಆಮೇಲೆ ಗೊರಕೆ ಶುರುವಾಯಿತು. ಎಣ್ಣೆ ಮಿಲ್ಲಿನ ಸೈರನ್ನಿಗೂ ಜಗ್ಗದ ಗೊರಕೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೊಡ್ಡಪ್ಪ ಹರಿಕಥೆಗೆ ಕೂತವನಂತೆ ಪಕ್ಕದಲ್ಲೇ ಕೂತು ಪೂರ್ತಿ ಕೇಳಿದ. ದಾವಣಗೆರೆಯ ಮಾತು ಅಲ್ಲಿಗೆ ಮುಗಿಯಿತು. ದೊಡ್ಡವ್ವ ಮೊಳಕಾಲ್ಮೂರಿಗೆ ಮರಳಿ, ಎರಡೂ ಮಾತ್ರೆ ಡಾಕ್ಟರು ಹೇಳಿದ ಕ್ರಮದಲ್ಲೇ ನುಂಗುತ್ತ, ಇನ್ನೂ ಹಲವು ವರ್ಷ ಮಗ್ಗದ ಮುಂದೆ ಕೂತಳು.

ಈಚೆಗೆ ನನ್ನ ಹೆಂಡತಿ ನನ್ನ ಗೊರಕೆಯ ಬಗ್ಗೆ ದೂರುತ್ತಾಳೆ. ನೆಟ್ಟಗೆ ಮಲಗಿ ಗೊರಕೆ ಹೊಡೆಯುವುದು ಎಂಥ ಗೆಲುವು ಎಂದು ವಿವರಿಸುತ್ತಲೇ ಇದ್ದೇನೆ, ಅವಳಿನ್ನೂ ಒಪ್ಪಿಲ್ಲ.