‘ನೆ’ ಎಂದವರಿಗೆ ಹೂಂ ಎನ್ನಲಿಲ್ಲ

ಮಂಡ್ಯದ ಹತ್ತಿರ ವಿ.ಸಿ. ಫಾರಂ ದಾಟಿದ ಮೇಲಿರುವ ಬೀಜದ ಕಂಪನಿಯೊಂದರಲ್ಲಿ ನನ್ನ ಕೆಲಸ. ಭತ್ತದ ತರಬೇತಿಗೆ ಒಬ್ಬರನ್ನು ಜಪಾನಿಗೆ ಕಳಿಸುತ್ತೇವೆ, ಆದರೆ ಮಾತಿನ ಪರೀಕ್ಷೆ ಪಾಸಾಗಬೇಕು ಎಂದರು. ಅದಕ್ಕೆಂದೇ ವಾರಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ, ಬೆಸಗರಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಮೊಬೈಲು ಒರಗಿಸಿಕೊಂಡು ಜಪಾನಿ ಕಲಿಯಲು ಕೂತೆ. ಪಾಠ ಹೇಳುತ್ತಿದ್ದವರು ಜಪಾನಿನಲ್ಲೇ ಇರುವ ಎಪ್ಪತ್ತು ದಾಟಿದ ಹೆಂಗಸು.

ಆ ಭಾಷೆಯಲ್ಲಿ ಮಾತಿನ ಕೊನೆಗೆ ಸಣ್ಣ ಬಾಲಗಳಿವೆ. ‘ಕಾ’ ಬಂದರೆ ಪ್ರಶ್ನೆ. ‘ಯೊ’ ಬಂದರೆ, ನಿನಗೆ ಗೊತ್ತಿಲ್ಲದ್ದು ಹೇಳುತ್ತಿದ್ದೇನೆ ಎಂದು. ಮಂಡ್ಯದವನಿಗೆ ಅದೇನು ಮಹಾ. ಕಣ್ಲಾ, ಕಣಮ್ಮ ಇಲ್ಲದೆ ನಮ್ಮ ಮಾತು ಮುಗಿಯುವುದೇ ಇಲ್ಲ. ಕಾಟ ಕೊಟ್ಟದ್ದು ‘ನೆ’, ನಮ್ಮ ‘ಅಲ್ವಾ’ ಇದ್ದ ಹಾಗೆ. ‘ಇವತ್ತು ಚಳಿ, ನೆ’ ಎಂದು ಅವರು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಗುರುಗಳು ಮಾತಾಡುವಾಗ ಬಾಯಿ ಹಾಕಬಾರದೆಂದು ಕೇಳಿಕೊಂಡೇ ಬೆಳೆದ ನಾನು ಕೈಕಟ್ಟಿ ಸುಮ್ಮನಿರುತ್ತಿದ್ದೆ. ಅದೇ ಮರ್ಯಾದೆ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಅವರ ದನಿ ಸಣ್ಣಗಾಗಿತ್ತು. ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದ್ದಾರಂತೆ. ‘ಮನೆ ಬಿಕೋ ಅನ್ನುತ್ತೆ, ನೆ’ ಎಂದು ಜಪಾನಿಯಲ್ಲೇ ಹೇಳಿ ನಿಲ್ಲಿಸಿದರು. ಒಂದು ಪದವೂ ಬಿಡದೆ ನನಗೆ ಅರ್ಥವಾಗಿತ್ತು. ಆ ಖುಷಿಯಲ್ಲಿ ತಲೆ ಬಗ್ಗಿಸಿ ಆ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ‘ನೆ’ ಕೆಳಗೆ ಗೆರೆ ಎಳೆದೆ. ತಲೆ ಎತ್ತಿದಾಗ ಅವರು ಇನ್ನೂ ಕಾಯುತ್ತಿದ್ದರು. ‘ಅರ್ಥವಾಯಿತು’ ಎಂದೆ. ಅವರು ಸ್ವಲ್ಪ ನಕ್ಕು ಮುಂದಿನ ಪುಟಕ್ಕೆ ಹೋದರು.

ಪಾಠ ಮುಗಿದ ಮೇಲೆ, ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ, “ಆ ಯಮ್ಮ ಏನೋ ಕಷ್ಟ ಏಳ್ಕತ್ತಿದ್ಲು ಕಣ್ಲಾ. ನೀನು ಬರ್ಕತ್ತಾ ಕುಂತಿದ್ದಲ್ಲ, ಒಂದು ಊಂ ಅನ್ನಕ್ಕೂ ಆಗ್ನಿಲ್ವ?” ಎಂದಳು.

“ನಿಂಗೇನ್ ಗೊತ್ತಾಯ್ತದವ್ವ, ಅದು ಪಾಠ,” ಎಂದು ರೇಗಿದೆ.

“ಬಾಸೆ ಗೊತ್ತಾಗ್ದಿದ್ರೆ ಮೊಕನೂ ಗೊತ್ತಾಗಕಿಲ್ವ? ಬುಡು,” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವ್ವ ಹೇಳಿದ್ದು ನಿಜವೆಂದು ಗೊತ್ತಿದ್ದೇ ರೇಗಿದ್ದೆ. ‘ಯಜಮಾನರು ಹೇಗಿದ್ದಾರೆ? ನಿಮಗೆ ಬಹಳ ಕಷ್ಟ, ನೆ’ ಎಂದು ವಾರವಿಡೀ ಬಾಯಿಪಾಠ ಮಾಡಿಕೊಂಡು ಮುಂದಿನ ಪಾಠಕ್ಕೆ ಕೂತೆ. ಮೊಬೈಲಿನಲ್ಲಿ ಕಾಣಿಸಿಕೊಂಡವರು ಬೇರೆ ಮೇಷ್ಟರು. ಆಕೆ ಪಾಠ ಹೇಳುವುದನ್ನು ಬಿಟ್ಟಿದ್ದಾರೆ, ಯಾಕೋ ತಮಗೆ ತಿಳಿಯದು ಎಂದರು. ಫೋನ್ ನಂಬರು ಕೇಳಿದೆ, ಕೊಡುವ ಹಾಗಿಲ್ಲವಂತೆ.

ಪರೀಕ್ಷೆಯ ದಿನ ಪರೀಕ್ಷಕರು ‘ಇವತ್ತು ಬಿಸಿಲು ಜಾಸ್ತಿ, ನೆ’ ಎಂದರು. ಅವರು ಬಾಯಿ ಮುಚ್ಚುವ ಮೊದಲೇ ‘ಹೌದು, ನೆ’ ಎಂದುಬಿಟ್ಟೆ. ನಿಮ್ಮ ಮಾತು ಬಹಳ ಸಹಜವಾಗಿದೆ ಎಂದು ಹೊಗಳಿ ಪಾಸು ಮಾಡಿದರು. ಹೊರಗೆ ಬಂದಾಗ, ಅವ್ವನಿಗೆ ಫೋನು ಮಾಡಿ ಹೇಳಲು ನಾಚಿಕೆಯಾಯಿತು.