ಅಕ್ಕನ ದನಿ ಉಳಿದ ಮನೆ

ಅಕ್ಕ ತೀರಿಕೊಂಡಾಗ ಅಮ್ಮಿಗೆ ಪಾಸ್‌ಪೋರ್ಟ್ ಇರಲಿಲ್ಲ. ನನಗೂ ಇರಲಿಲ್ಲ. ಮಸ್ಕತ್ತಿನ ಮನೆಯಲ್ಲಿ ತಲೆನೋವೆಂದು ಮಧ್ಯಾಹ್ನ ಮಲಗಿದವಳು ಮತ್ತೆ ಏಳಲಿಲ್ಲ. ಮರುದಿನವೇ ಅಲ್ಲಿ ಮಣ್ಣು ಮಾಡಿದರು. ರಾಣೆಬೆನ್ನೂರಿನ ನನ್ನ ಮನೆಯಲ್ಲಿ ಕೂತು ಅಮ್ಮಿ ಫೋನಿನ ಪರದೆಯ ಮೇಲೆ ಬಿಳಿ ಬಟ್ಟೆಯೊಂದನ್ನು ನೋಡಿದಳು, ಅಷ್ಟೇ. ಆಮೇಲೆ ಬಹಳ ದಿನ ಅಕ್ಕನ ಬಗ್ಗೆ ಮಾತಾಡುವಾಗ ಒಮ್ಮೆ ‘ಇದ್ದಾಳೆ’ ಎನ್ನುತ್ತಿದ್ದಳು, ಒಮ್ಮೆ ‘ಇದ್ದಳು’ ಎನ್ನುತ್ತಿದ್ದಳು. ಮುಖ ನೋಡದ ಸಾವು ಅವಳ ಪಾಲಿಗೆ ಯಾರೋ ಹೇಳಿದ ಸುದ್ದಿಯಾಗಿಯೇ ಉಳಿದಿತ್ತು.

ಮರುವರ್ಷ ಬಕ್ರೀದಿಗೆ ಬನ್ನಿ ಎಂದು ಭಾವ ಟಿಕೆಟ್ ಕಳಿಸಿದರು. ನಾನು ಶಾಲೆಯ ಟೀಚರು, ಬೇಸಿಗೆ ರಜೆ ಇತ್ತು. ಅಮ್ಮಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತಂದು, ತೊಟ್ಟು ಬಿಡಿಸಿ, ಕುಟ್ಟಿಸಿ, ಮೂರು ಚೀಲದೊಳಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಆ ಮನೆಯಲ್ಲಿ ಈಗ ಅದನ್ನು ಹಾಕಿ ಅಡುಗೆ ಮಾಡುವವರು ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಭಾವ ಹೈದರಾಬಾದಿನವರು, ಕನ್ನಡ ಬಾರದು. ಬಾಗಿಲು ತೆರೆದು ಸಲಾಂ ಹೇಳಿ ಪಕ್ಕಕ್ಕೆ ಸರಿದು ನಿಂತರು. ಒಳಗೆ ಏನೂ ಬದಲಾಗಿರಲಿಲ್ಲ. ಬಾಗಿಲ ಹಿಂದೆ ಅಕ್ಕನ ಬುರ್ಖಾ, ಕನ್ನಡಿಯ ಅಂಚಿಗೆ ಅವಳ ಕೂದಲಿನ ಪಿನ್ನು. ಅಡುಗೆಮನೆಯಲ್ಲಿ ಅಮ್ಮಿ ಹಿಂದೆ ಕಳಿಸಿದ್ದ ಖಾರದ ಪುಡಿಯ ಡಬ್ಬಿ ಅರ್ಧ ತುಂಬಿತ್ತು, ಕೆಂಪು ಮಾಸಿ ಇಟ್ಟಿಗೆಯ ಬಣ್ಣವಾಗಿತ್ತು. ಎಸೆಯಲು ಭಾವನಿಗೆ ಮನಸ್ಸಾಗಿರಲಿಲ್ಲ. ಬಳಸಲು ಗೊತ್ತಿರಲಿಲ್ಲ.

ಅವರ ಮಗಳಿಗೆ ಒಂಬತ್ತು ವರ್ಷ. ಮೊದಲೆರಡು ದಿನ ನಮ್ಮೊಡನೆ ಹೆಚ್ಚು ಮಾತಾಡಲಿಲ್ಲ, ಮಾತಾಡಿದ್ದೆಲ್ಲ ಉರ್ದುವಿನಲ್ಲಿ. ಅಮ್ಮಿ ಮಾತ್ರ ನಾವು ಬಂದಿಳಿದ ದಿನದಿಂದಲೇ, ಒಳಗೆ ಯಾರೋ ಓಡಾಡುತ್ತಾರೆ, ಅಕ್ಕನ ಬಳೆಯ ಸದ್ದು ಕೇಳಿಸುತ್ತದೆ ಎನ್ನತೊಡಗಿದ್ದಳು. ಹೊಸ ಜಾಗ, ಪ್ರಯಾಣದ ಆಯಾಸ ಎಂದು ನಾನು ಸಮಾಧಾನ ಮಾಡುತ್ತಿದ್ದೆ.

ಮೂರನೆಯ ದಿನ ಬದನೆಕಾಯಿ ಎಣ್ಣೆಗಾಯಿ ಮಾಡುತ್ತ ಕಿಟಕಿಯಾಚೆಯ ಬೋಳು ಗುಡ್ಡ ನೋಡುತ್ತ ನಿಂತಿದ್ದೆ. ಹಿಂದಿನಿಂದ ಅಕ್ಕ ಹೇಳಿದಳು:

“ಉರಿ ಸಣ್ಣ ಮಾಡ. ತಳಾ ಹತ್ತಾಕತ್ತೈತಿ.”

ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ನನ್ನ ಮುಖ ಕಂಡು ಅವಳೂ ಹೆದರಿದಳು.

ನಮ್ಮ ಮನೆಮಾತು ಉರ್ದು. ಆದರೆ ಅಕ್ಕ, ನಾನು ಇಬ್ಬರೂ ಬ್ಯಾಡಗಿಯ ಕನ್ನಡ ಶಾಲೆಯಲ್ಲಿ ಓದಿದವರು. ನಮ್ಮ ಜಗಳ, ಗುಟ್ಟು ಎಲ್ಲ ಕನ್ನಡದಲ್ಲೇ. ಅಕ್ಕ ಅಮ್ಮಿಯೊಡನೆಯೂ ಎಷ್ಟೋ ಸಲ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅಕ್ಕ ಅದನ್ನು ಮಗಳಿಗೂ ಕಲಿಸಿದ್ದಳು. ತಾಯಿ ಹೋದಮೇಲೆ ಹುಡುಗಿಗೆ ಆ ಮಾತಾಡಲು ಆ ಊರಲ್ಲಿ ಒಬ್ಬರೂ ಇರಲಿಲ್ಲ. ಒಂದು ವರ್ಷ ಬಾಯಿಗೆ ಬಾರದ ಭಾಷೆ ಈಗ ಹೊರಬಂದಾಗ ಪದಗಳಷ್ಟೇ ಬರಲಿಲ್ಲ, ತಾಯಿಯ ಗಂಟಲೂ, ಸಾಲಿನ ಕೊನೆಗೆ ದನಿ ಇಳಿಸುವ ರೀತಿಯೂ ಬಂದುಬಿಟ್ಟವು.

ಅವತ್ತಿನಿಂದ ಅಮ್ಮಿ ಆ ಹುಡುಗಿಯನ್ನು ಬಿಟ್ಟಿರಲಿಲ್ಲ. ಮಗ್ಗುಲಲ್ಲಿ ಕೂರಿಸಿಕೊಂಡು ಮಾತಾಡಿಸುವಳು, ಹೇಳಿದ್ದನ್ನೇ ಮತ್ತೊಮ್ಮೆ ಹೇಳೆನ್ನುವಳು, ತಾನು ಕಣ್ಣು ಮುಚ್ಚಿಕೊಳ್ಳುವಳು. ಹುಡುಗಿ ಬೇಸರವಿಲ್ಲದೆ ಹೇಳುತ್ತಿದ್ದಳು. ತನ್ನನ್ನು ಕೇಳುವವರು ಸಿಕ್ಕರಲ್ಲ ಎಂಬ ಖುಷಿ ಅವಳದು. ಅಮ್ಮಿ ಕೇಳುತ್ತಿದ್ದುದು ಅವಳನ್ನಲ್ಲ ಎಂಬುದು ನನಗೆ ಕಾಣುತ್ತಿತ್ತು.

ಹಬ್ಬದ ಮರುದಿನ ಭಾವ ಖಬರಸ್ತಾನಕ್ಕೆ ಕರೆದೊಯ್ದರು. ಹೆಂಗಸರು ಒಳಗೆ ಹೋಗುವುದು ಬೇಡವೆಂದು ಗಿಡ್ಡ ಗೋಡೆಯ ಹೊರಗೇ ಕಾರು ನಿಲ್ಲಿಸಿದರು. ಒಳಗೆ ಹೆಸರಿಲ್ಲದ ಕಲ್ಲುಗಳು, ಎಲ್ಲವೂ ಒಂದೇ ಥರ. ಭಾವ ಒಂದು ಸಾಲಿನತ್ತ ಬೆರಳು ತೋರಿಸಿದರು, ಆಮೇಲೆ ಅದರ ಹಿಂದಿನ ಸಾಲಿನತ್ತ. ಯಾವುದೆಂದು ಅವರಿಗೂ ಖಾತ್ರಿಯಿರಲಿಲ್ಲ. ಅಮ್ಮಿ ದುವಾ ಮಾಡಿ ಕಾರಿನಲ್ಲಿ ಕೂತಳು. ಅಲ್ಲಿ ಅವಳಿಲ್ಲ, ಮನೆಯಲ್ಲಿದ್ದಾಳೆ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಹೊರಡುವ ಮುನ್ನ ಭಾವ ತಲೆ ತಗ್ಗಿಸಿಕೊಂಡು ಇನ್ನೊಂದು ಮದುವೆಯ ಮಾತು ನಡೆದಿದೆ ಎಂದರು. ಮಗುವಿಗೆ ಒಬ್ಬರು ಬೇಕು ಎಂದರು. ಅಮ್ಮಿ ಒಪ್ಪಿದಳು. ಬಾಗಿಲ ಹಿಂದಿನ ಬುರ್ಖಾವನ್ನು ತಾನೇ ಮಡಚಿ ನಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡಳು.

ವಿಮಾನ ನಿಲ್ದಾಣದಲ್ಲಿ ಹುಡುಗಿ ಅಮ್ಮಿಯ ಕೊರಳಿಗೆ ಜೋತುಬಿದ್ದು, “ಅಳಬ್ಯಾಡ ಅಮ್ಮೀ, ಹಬ್ಬಕ್ಕ ಬರ್ತೇನಿ” ಎಂದಳು. ಅವಳು ಅಜ್ಜಿಯನ್ನು ಕರೆಯುತ್ತಿದ್ದುದು ನಾನಿ ಎಂದು. ಈ ಮಾತು ಅಕ್ಕನದು. ರಜೆ ಮುಗಿಸಿ ಹೋಗುವಾಗ ಪ್ರತಿ ಸಲವೂ ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಯಿಂದ ಹೇಳುತ್ತಿದ್ದುದು. ಅವಳ ತೊಡೆಯ ಮೇಲೆ ಕೂತು ಮಗು ಕೇಳಿಸಿಕೊಂಡಿರಬೇಕು.

ಬೆಂಗಳೂರಿನ ವಿಮಾನದಲ್ಲಿ ಅಮ್ಮಿ ಕಿಟಕಿಯ ಪಕ್ಕ ಕೂತಳು. ಕೆಳಗೆ ಸಮುದ್ರ ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ವಿಮಾನ ಜೋರಾಗಿ ಅಲುಗಾಡಿತು, ಬೆಲ್ಟ್ ಹಾಕಿಕೊಳ್ಳಿ ಎಂದರು. ಅಮ್ಮಿ ಕಣ್ಣು ಮುಚ್ಚಿ ದುವಾ ಓದತೊಡಗಿದಳು. ಆಗ ನಮ್ಮ ಸೀಟಿನ ಹಿಂದಿನಿಂದ, ತೀರ ಹತ್ತಿರದಿಂದ, ಮೆಲ್ಲನೆ ಬಂತು:

“ಅಂಜಬ್ಯಾಡ. ಏನೂ ಆಗಂಗಿಲ್ಲ.”

ಅಮ್ಮಿಯ ಉಗುರು ನನ್ನ ಮುಂಗೈಗೆ ನಾಟಿತು. ಇಬ್ಬರೂ ತಿರುಗಿದೆವು. ಹಿಂದಿನ ಸಾಲಿನಲ್ಲಿ ಗಂಡಸರಿಬ್ಬರು ಬಾಯಿ ತೆರೆದು ನಿದ್ದೆ ಹೋಗಿದ್ದರು, ಮೂರನೆಯ ಸೀಟು ಖಾಲಿಯಿತ್ತು.

ಅಮ್ಮಿ ಉರ್ದುವಿನಲ್ಲಲ್ಲ, ಕನ್ನಡದಲ್ಲೇ ಕೇಳಿದಳು. “ನಿನಗೂ ಕೇಳಿಸ್ತೇನು?”

ನಾನು ಹೌದೆಂದು ತಲೆಯಾಡಿಸಿದೆ. ಇಳಿಯುವವರೆಗೆ ಅವಳು ನನ್ನ ಕೈ ಬಿಡಲಿಲ್ಲ. ಯಾರೋ ನಮ್ಮ ಕಡೆಯ ಹೆಂಗಸು ಎರಡು ಸಾಲು ಹಿಂದೆ ಕೂತಿದ್ದಿರಬಹುದು, ತನ್ನ ಮಗುವಿಗೆ ಹೇಳಿರಬಹುದು. ನಾನು ಎದ್ದು ಹೋಗಿ ನೋಡಲಿಲ್ಲ. ಅಂಥ ಹೆಂಗಸು ಇಲ್ಲವೆಂದು ಖಾತ್ರಿಯಾದರೂ ಭಯ, ಇದ್ದಾಳೆಂದು ಖಾತ್ರಿಯಾದರೂ ದುಃಖ.

ಆಮೇಲೆ ಪ್ರತಿ ಶುಕ್ರವಾರ ಹುಡುಗಿಯ ಫೋನು ಬರುತ್ತಿತ್ತು. ಅಮ್ಮಿ ಪರದೆ ನೋಡುತ್ತಿರಲಿಲ್ಲ, ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ತಂಗಿಗೆ ಒಂದು ಮಾತು ಹೇಳು, ಮದುವೆಗೆ ಮುಂಚೆ ಬ್ಯಾಡಗಿಯ ಮನೆಯಲ್ಲಿ ನೀನು ಎಣ್ಣೆಗಾಯಿ ಮಾಡುತ್ತಿದ್ದೆಯಲ್ಲ, ನೆನಪಿದೆಯೇ ಎಂದೆಲ್ಲ ಕೇಳಲು ಶುರುಮಾಡಿದಳು. ಒಂದು ಶುಕ್ರವಾರ ಹುಡುಗಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ನಾನೀ, ನಾ ಅಮ್ಮಾ ಅಲ್ಲ.”

ಅಮ್ಮಿ ಫೋನು ಕಿವಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಕ್ಕ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಹುಡುಗಿ ನಾನಿ, ನಾನಿ ಎಂದು ಕರೆಯುತ್ತಲೇ ಇದ್ದಳು. ಕೊನೆಗೆ ಅಮ್ಮಿ ಸೆರಗಿನಿಂದ ಮುಖ ಒರೆಸಿಕೊಂಡು, ಫೋನನ್ನು ಕಣ್ಣೆದುರು ಹಿಡಿದು, ಮೊದಲ ಸಲ ನೋಡುವವಳಂತೆ ಆ ಮುಖವನ್ನು ನೋಡಿದಳು. ಹಲ್ಲೊಂದು ಬಿದ್ದಿದೆಯಲ್ಲ, ಯಾವಾಗ ಬಿತ್ತು ಎಂದು ಕೇಳಿದಳು.